ನಾಕನೇತ್ತ ಮುಗಿಯಾಕ ಬಂತು, ಮಗನಿಗೆ ಒತ್ತಕ್ಷರ ಕೂಡವಲ್ದು. ದಡ್ಡ ಅಂತ ಬಿಡಬೇಕೇನ್ರಿ?

ಇಳಕಲ್ಲಿನ ಅವ್ವ
ಎಲ್ಲಾರಿಗೂ ನಮಸ್ಕಾರ್ರಿ. ಇಲ್ಲಿ ಮಾಸ್ತರು, ಅಕ್ಕೋರು, ನನ್ನಂಥ ತಾಯಂದ್ರು ಭಾಳ ಮಂದಿ ಅದೀರಿ ಅಂತ ಕೇಳಾಕತ್ತೇನಿ. ನನ್ನ ಸಣ್ಣ ಮಗ ಕನ್ನಡ ಸಾಲ್ಯಾಗ ನಾಕನೇತ್ತ. ಮನ್ಯಾಗೂ ಕನ್ನಡನ, ಒಂದಿನಾ ಸಾಲಿ ತಪ್ಪಿಸಿಲ್ಲ. ಒಂಬತ್ತು ತುಂಬಿ ಹತ್ತರಾಗ ಬಿದ್ದಾನ. ಅ ಆ ಇ ಈ ಬರ್ತಾವ, ಕ ಖ ಗ ಘ ಬರ್ತಾವ. ಬಳ್ಳಿ, ಅಂದ್ರ ಕಾಗುಣಿತ, ಬಂದ್ರ ತಡವರಿಸ್ತಾನ, ಒತ್ತು ಬಂತಂದ್ರ ನಿಂತ ಬಿಡ್ತಾನ.

ಹೋದ ತಿಂಗಳ ಒಂದಿನ ಪಾಠ ಓದು ಅಂತ ಕುಂಡ್ರಿಸಿದೆ. ಗಡಗಡ ಓದಿದ. ಖುಷಿ ಆತು. ಆಮ್ಯಾಲ ಪುಸ್ತಕದ ಕಡೆ ನೋಡ್ತೇನಿ, ಬಾಯಾಗಿನ ಮಾತು ಮೂರನೇ ಸಾಲಿಗೆ ಹೋಗೇತಿ, ಬೆರಳು ಇನ್ನೂ ಮೊದಲನೇ ಸಾಲಿನ ಮ್ಯಾಲ ಐತಿ. ಅಕ್ಕೋರು ಓದಿದ್ದು ಕೇಳಿ ಕೇಳಿ ಪೂರಾ ಪಾಠ ಬಾಯಿಪಾಠ ಮಾಡ್ಯಾನ. ಪುಸ್ತಕ ಮುಚ್ಚಿ ಪಾಟಿ ಮ್ಯಾಲ 'ಸೂರ್ಯ' ಅಂತ ಬರದು ತೋರಿಸಿದೆ. 'ಸೂಯರ' ಅಂದ.

ಅಂಗಡಿಗೆ ಕಳಿಸಿದ್ರ ಆರು ಸಾಮಾನ ನೆನಪಿಟ್ಟು ತರ್ತಾನ, ಚಿಲ್ಲರ ಲೆಕ್ಕದಾಗ ಒಂದ ರೂಪಾಯಿ ತಪ್ಪಂಗಿಲ್ಲ. ಅವರಪ್ಪ ಮಗ್ಗದಾಗ ಕುಂತಾಗ ಸೀರಿ ಮೈ ಎಳಿಗೆ ಸೆರಗಿನ ಎಳಿ ಜೋಡಿಸೂ ಕೊಂಡಿ ಹೆಂಗ ಕೂಡಸ್ತಾರ ಅಂತ ಬರೇ ನೋಡಿ ಕಲ್ತಾನ. ಅದಕ್ಕ ಮನಿ ಹಿರ್ಯಾರು 'ಸಾಲಿ ಬಿಡಿಸಿ ಮಗ್ಗಕ್ಕ ಹಚ್ಚರಿ' ಅಂತಾರ. ಸಾಲ್ಯಾಗ ಹೋಗಿ ಕೇಳಿದ್ರ 'ಇವನ್ನ ಬ್ಯಾರೆ ಎಲ್ಲೆರ ನೋಡ್ರಿ' ಅಂದ್ರು. ಎಲ್ಲಿ ನೋಡ್ಲಿ? ಯಾರನ್ನ ಕೇಳ್ಲಿ?

ಗುಮ್ಮಟದ ಊರು
ಅಕ್ಕಾರ, ಮೊದ್ಲ ಕಣ್ಣು, ಕಿವಿ ತೋರಿಸ್ರಿ. ನಮ್ಮಣ್ಣನ ಮಗಳದು ಬರೇ ಚಷ್ಮಾದ ತೊಂದರಿ ಇತ್ತು, ಎರಡು ವರ್ಷ ಹಿಂದಿನ ಸಾಲಿನ್ಯಾಗ ಕುಂಡ್ರಿಸಿ ದಡ್ಡಿ ಅಂದಿದ್ರು.

ಇಳಕಲ್ಲಿನ ಅವ್ವ
ಕಣ್ಣು ತೋರಿಸೇವ್ರಿ ಅಣ್ಣಾರ, ಚಲೋ ಅದಾವ. ಕಿವಿ ತೋರಿಸಿಲ್ಲ.

ಕೆರಿ ದಂಡಿ
ಎಲ್ಲಾ ಮೊಬೈಲಿನ ಕಾಟ. ಕಸ್ಕೊಂಡು ಎರಡು ಏಟು ಹಾಕ್ರಿ, ತಾನ ಓದ್ತಾನ. ನಮ್ಮ ಕಾಲಕ್ಕ ಮಾಸ್ತರು ಬೆತ್ತ ಹಿಡದ್ರ ಎಲ್ಲಾರಿಗೂ ಓದಾಕ ಬರತಿತ್ತು.

ಮುಧೋಳ ಟ್ರ್ಯಾಕ್ಟರ್
ಎಲ್ಲಾರಿಗೂ ಬರತಿರಲಿಲ್ರಿ. ನನಗ ಬರಲಿಲ್ಲ.

ಬಾಯಿಲೆ ಮಾತಾಡಿ ಮೊಬೈಲಿನ್ಯಾಗ ಅಕ್ಷರ ಮಾಡ್ಸಾಕತ್ತೇನಿ, ತಪ್ಪಿದ್ರ ತಿಳ್ಕೋರಿ. ನೀವು ಬರದದ್ದನ್ನ ನನ್ನ ಮಗಳು ಓದಿ ಹೇಳಿದ್ಲು. ಆ ಅಕ್ಕಾರ ಮಗ ಬೆರಳು ಒಂದ ಕಡೆ ಬಾಯಿ ಒಂದ ಕಡೆ ಅಂದ್ರಲ್ಲ, ಅದು ನಾನ. ಮೂರನೇತ್ತದಾಗ ಮಾಸ್ತರು ಕೋಳಿ ಮಾಡಿ ನಿಂದ್ರಿಸಿ ಬೆನ್ನ ಮ್ಯಾಲ ಪಾಟಿ ಇಟ್ಟಿದ್ರು. ಪಾಟಿ ಬಿದ್ದು ಒಡದ್ರ ಅದಕ್ಕೂ ಹೊಡತ. ಮೈಮ್ಯಾಲ ಬರೆ ಬಂದ್ವು, ಅಕ್ಷರ ಬರಲಿಲ್ಲ. ಏಳನೇತ್ತ ಆದ ಮ್ಯಾಲ ಬಿಟ್ಟೆ.

ಈಗ ಫ್ಯಾಕ್ಟ್ರಿಗೆ ಕಬ್ಬು ಹೊಡಿತೇನಿ, ಎಂಜಿನ್ ಬಿಚ್ಚಿ ಕೂಡಸ್ತೇನಿ. ಆದ್ರ ಬಸ್ಸಿನ ಬೋರ್ಡು ಓದಾಕ ಬರಂಗಿಲ್ಲ. ಚಿತ್ರ ನೋಡಿದಂಗ ನೋಡಿ ಕೂನ ಹಿಡೀತೇನಿ. ನಮ್ಮಪ್ಪಗ ಎದಿನೋವು ಅಂತ ಬೆಳಗಾವಿಗೆ ಕರ್ಕೊಂಡ ಹೊಂಟಿದ್ದೆ. ಮೊದಲಿನ ಅಕ್ಷರ ಬ ಕಂಡಂಗಾತು, ಹತ್ತಿಸಿದೆ. ಲೋಕಾಪುರ ದಾಟಿದ ಮ್ಯಾಲ ಗೊತ್ತಾತು, ಅದು ಬಾಗಲಕೋಟಿ ಬಸ್ಸು. ನಮ್ಮಪ್ಪ ಏನೂ ಅನಲಿಲ್ಲ, ನನ್ನ ಕೈ ಹಿಡ್ಕೊಂಡು ಕುಂತಿದ್ದ. ಮಂದಿ ಮುಂದ 'ಚಷ್ಮಾ ಮರ್ತೇನ್ರಿ, ಜರಾ ಓದಿ ಹೇಳ್ರಿ' ಅಂತಿದ್ದೆ. ನನಗ ಚಷ್ಮಾನ ಇಲ್ಲ.

ಅಕ್ಕಾರ, ಮಗನ್ನ ಬಿಡಬ್ಯಾಡ್ರಿ.

ಕೆರಿ ದಂಡಿ
ತಮ್ಮಾ, ಓದಿ ಮನಸಿಗೆ ಭಾಳ ಹತ್ತಿತು. ಏಟು ಹಾಕ್ರಿ ಅಂದದ್ದು ತಪ್ಪು, ವಾಪಸ್ ತಗೋತೇನಿ. ಮೊಬೈಲಿನ ಮಾತು ಮಾತ್ರ ತಗೊಳ್ಳಂಗಿಲ್ಲ.

ಸಂಪನ್ಮೂಲ ಅಕ್ಕ
ನಾನು ವಿಜಯಪುರ ಜಿಲ್ಲೆಯಲ್ಲಿ ಬಿಐಇಆರ್‌ಟಿ. ಅಂದರೆ ಬ್ಲಾಕಿನಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕಿ. ಅಕ್ಕಾರ, ನಿಮ್ಮ ಮಗನಿಗೆ ಇದೇ ಅಂತ ಇಲ್ಲಿಂದ ಹೇಳೋಕೆ ಬರೋದಿಲ್ಲ. ಆದರೆ ನೀವು ಬರೆದ ಲಕ್ಷಣ ಓದಿದರೆ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆಯಾ ಅಂತ ಪರೀಕ್ಷೆ ಮಾಡಿಸಲೇಬೇಕು. ಮಂದಿ ಡಿಸ್ಲೆಕ್ಸಿಯಾ ಅಂತಾರಲ್ಲ, ಅದು ಇದರಲ್ಲೇ ಬರುತ್ತೆ. ಬುದ್ಧಿ ಚುರುಕಿರುತ್ತೆ, ಕಿವಿ ಬಾಯಿ ಚುರುಕಿರುತ್ತೆ, ಅಕ್ಷರಕ್ಕೂ ಸದ್ದಿಗೂ ಗಂಟು ಬೀಳೋದು ಮಾತ್ರ ತಡ.

1995ರ ಹಳೇ ಕಾಯ್ದೆಯಲ್ಲಿ ಏಳೇ ಬಗೆಯ ಅಂಗವಿಕಲತೆ ಇದ್ದವು, ಇದಕ್ಕೆ ಜಾಗ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಇವೆ, ಅದರಲ್ಲಿ ಇದೂ ಒಂದು, ಮಾತು, ಮಂದಿ ಜೊತೆ ಬೆರೆಯೋದು ಬೇರೆ ಥರ ಇರುವ ಆಟಿಸಂ ಕೂಡ ಒಂದು. ಮೂರನೇ ತರಗತಿ ಅಥವಾ ಎಂಟು ವರ್ಷದ ಹೊತ್ತಿಗೆ ಮಗುವನ್ನ ತಪಾಸಣೆ ಮಾಡಬೇಕು ಅಂತ ಮಾರ್ಗಸೂಚಿ ಇದೆ. ನಿಮ್ಮ ಮಗನಿಗೆ ಆ ವಯಸ್ಸು ದಾಟಿದೆ, ತಡ ಮಾಡಬೇಡಿ.

ಹೀಗೆ ಮಾಡಿ. ಹೆಡ್ ಮಾಸ್ತರಿಗೆ ಬಾಯಿಮಾತಲ್ಲಿ ಹೇಳಬೇಡಿ, ಅರ್ಜಿ ಬರೆದು ಕೊಡಿ, ಒಂದು ಪ್ರತಿ ಮೇಲೆ ಸಹಿ ಹಾಕಿಸಿಕೊಳ್ಳಿ. ನಿಮ್ಮ ತಾಲೂಕಿನ ಬ್ಲಾಕ್ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿ ಕಚೇರಿಗೆ ಹೋಗಿ ಬಿಐಇಆರ್‌ಟಿ ಯಾರು ಅಂತ ಕೇಳಿ. ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ಕಿವಿ ನೋಡಿಸಿ, ಆಮೇಲೆ ಮನಶ್ಶಾಸ್ತ್ರಜ್ಞರು ಬುದ್ಧಿಮಟ್ಟ ನೋಡ್ತಾರೆ, ನಂತರ ಓದು, ಬರಹ, ಲೆಕ್ಕದ ಪರೀಕ್ಷೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ತಯಾರಿಸಿದ ಪರೀಕ್ಷೆ ಅದು. ಒಂದೇ ದಿನಕ್ಕೆ ಮುಗಿಯಲ್ಲ, ಎರಡು ಮೂರು ಸಲ ಓಡಾಡಬೇಕು.

ಇನ್ನೊಂದು. 'ಬ್ಯಾರೆ ಎಲ್ಲೆರ ನೋಡ್ರಿ' ಅನ್ನೋಕೆ ಯಾವ ಶಾಲೆಗೂ ಹಕ್ಕಿಲ್ಲ.

ಇಂಡಿ ಮಾಸ್ತರ
ಮೇಡಂ ಹೇಳಿದ್ದು ಖರೆ. ಆದ್ರ ಎಲ್ಲಾ ತಪ್ಪು ಮಾಸ್ತರ ಮ್ಯಾಲ ಹಾಕಬ್ಯಾಡ್ರಿ. ನಮ್ಮ ಸಾಲ್ಯಾಗ ಐದು ತರಗತಿಗೆ ಇಬ್ರು ಅದೀವಿ. ಒಬ್ರು ಮೀಟಿಂಗಿಗೆ ಹೋದ್ರ ನಾ ಒಬ್ನ. ಬಿಸಿಯೂಟದ ಲೆಕ್ಕ ನಂದ, ಆನ್‌ಲೈನ್ ತುಂಬೂದು ನಂದ. ಅದರಾಗ ಒಂದ ಮಗುವಿನ ಬೆರಳು ಯಾವ ಸಾಲಿನ ಮ್ಯಾಲ ಐತಿ ಅಂತ ಯಾವಾಗ ನೋಡ್ಲಿ?

ಇನ್ನೊಂದು ಮಾತು. ಓದಾಕ ಬರದವರೆಲ್ಲಾ ಡಿಸ್ಲೆಕ್ಸಿಯಾ ಅಲ್ಲ. ನಮ್ಮಲ್ಲಿ ಅರ್ಧ ಮಕ್ಕಳು ತಾಂಡಾದವ್ರು. ಮನ್ಯಾಗ ಲಂಬಾಣಿ ಮಾತು, ಸಾಲಿಗೆ ಬಂದ್ರ ಪುಸ್ತಕದ ಕನ್ನಡ. ದೀಪಾವಳಿ ಆಗೂದರಾಗ ಅವ್ವ ಅಪ್ಪ ಕಬ್ಬು ಕಡಿಯಾಕ ಹೋಗ್ತಾರ, ಮಕ್ಕಳನ್ನೂ ಕರ್ಕೊಂಡ. ಯುಗಾದಿ ಹೊತ್ತಿಗೆ ತಿರುಗಿ ಬಂದ ಹುಡುಗ ಕಲ್ತದ್ದೆಲ್ಲಾ ಮರ್ತಿರ್ತಾನ. ಅವಂಗ ಬೇಕಾದ್ದು ಅಂಗವಿಕಲ ಸರ್ಟಿಫಿಕೇಟ್ ಅಲ್ಲ, ಹತ್ತು ತಿಂಗಳ ಸಾಲಿ.

ಸಂಪನ್ಮೂಲ ಅಕ್ಕ
ಸರ್, ಇದನ್ನ ನಾನು ಪೂರಾ ಒಪ್ಪುತ್ತೇನೆ. ಭಾಷೆ ಬೇರೆ ಆಗಿದ್ದಕ್ಕೆ, ಶಾಲೆ ತಪ್ಪಿದ್ದಕ್ಕೆ ಹಿಂದುಳಿದರೆ ಅದು ನ್ಯೂನತೆ ಅಲ್ಲ. ಅದನ್ನ ಬೇರ್ಪಡಿಸಿ ನೋಡೋದೇ ತಪಾಸಣೆಯ ಮೊದಲ ಕೆಲಸ. ಆದರೆ ಈ ಅಕ್ಕನ ಮಗ ಒಂದು ದಿನ ಶಾಲೆ ತಪ್ಪಿಸಿದವನಲ್ಲ, ಮನೆ ಮಾತು ಕನ್ನಡ.

ಶಿಕ್ಷಕರ ಕೊರತೆಗೆ ನಾನೂ ಸಾಕ್ಷಿ. 2021ರಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು ಅಂತ ಹೇಳಿತು. ನಾನು ಬೆಳಗ್ಗೆ ಬಸ್ ಹಿಡಿದು ಒಂದು ಊರಿಗೆ ಹೋದರೆ ಮತ್ತೆ ಅದೇ ಊರಿನ ಪಾಳಿ ಬರೋದು ಯಾವಾಗಲೋ. ಮಂಚ ಬಿಟ್ಟು ಏಳಲಾಗದ ಮಕ್ಕಳಿಗೆ ಮನೆಗೇ ಹೋಗಿ ಕಲಿಸಬೇಕು, ಅದೂ ನಮ್ಮದೇ ಕೆಲಸ.

ಖಾನಾಪುರ ಹಾದಿ
ಮಾಸ್ತರ ಹೇಳಿದ ಭಾಷೆ ಮಾತು ನಮ್ಮ ಕಡೆನೂ ಐತಿ. ನಮ್ಮ ಮನ್ಯಾಗ ಮರಾಠಿ, ಸಾಲ್ಯಾಗ ಕನ್ನಡ. ಮಗಳು ಎರಡನೇತ್ತದಾಗ ಮಾತ ಆಡ್ತಿರಲಿಲ್ಲ. ಒಬ್ರು ಮೂಕಿ ಅಂದ್ರು, ಒಬ್ರು ಮಂದಬುದ್ಧಿ ಅಂದ್ರು. ಅಕ್ಕೋರು ಒಬ್ರು ಬಂದು ಅಕಿ ಕೂಡ ಒಂದು ವಾರ ಮರಾಠಿಯೊಳಗ ಮಾತಾಡಿದ್ರು, ಅಷ್ಟ. ಈಗ ಅಕಿದ ಕನ್ನಡ ನನ್ನಕಿಂತ ಚಲೋ ಐತಿ.

ಜಮಖಂಡಿ ಮಾವ
ಇಂಗ್ಲಿಷ್ ಮೀಡಿಯಂಕ್ಕ ಹಾಕ್ರಿ ಅಕ್ಕಾರ. ಅಲ್ಲಿ 26 ಅಕ್ಷರ ಅಷ್ಟ, ಒತ್ತಿಲ್ಲ ಬಳ್ಳಿ ಇಲ್ಲ.

ಗುಮ್ಮಟದ ಊರು
ಮಾವಾರ, 26 ಅಕ್ಷರ ಖರೆ, ಆದ್ರ ಒಂದೊಂದು ಅಕ್ಷರಕ್ಕ ನಾಕು ಉಚ್ಚಾರ. 'ಪುಟ್' ಅಂತ ಓದಿದವ್ರು 'ಬಟ್' ಯಾಕ ಅಂತಾರ? ಕನ್ನಡ ಬರದಂಗ ಓದೂದು. ಇದರಾಗ ತಡವರಿಸೂ ಹುಡುಗನ್ನ ಅಲ್ಲಿ ಹಾಕಿದ್ರ ಫೀನೂ ಹೋಗ್ತದ, ಹುಡುಗನ ಧೈರ್ಯಾನೂ ಹೋಗ್ತದ.

ಬೈಲಹೊಂಗಲ ಗುರುಮಾತೆ
ನಾ 34 ವರ್ಷ ಒಂದರಿಂದ ನಾಕನೇತ್ತ ಕಲಿಸಿ ನಿವೃತ್ತಿ ಆದಾಕಿ. ಇಳಕಲ್ಲಿನ ತಂಗಿ, ನಿನ್ನ ಮಗ 'ಸೂಯರ' ಅಂದದ್ದು ಓದಿ ನನಗ ನಗು ಬರಲಿಲ್ಲ, ಅವ ಖರೇನ ಓದಿದ ಅನಿಸ್ತು. ಕಣ್ಣಿಗೆ ಕಂಡದ್ದನ್ನ ಕಂಡಂಗ ಓದ್ಯಾನ. ಪಾಟಿ ಮ್ಯಾಲ ಮೊದ್ಲ ಕಾಣೂದು ಯ, ಅದರ ಹಿಂದ ಅರ್ಕಾವತ್ತು. ಬಾಯಾಗ ಮಾತ್ರ ಮೊದ್ಲ ರ್ ಬರಬೇಕು. ಕಣ್ಣು ಒಂದು ಹೇಳ್ತದ, ನಾಲಗಿ ಒಂದು ಹೇಳಬೇಕು. ಇದನ್ನ ನಾವು ಯಾವತ್ತರ ಬಿಡಿಸಿ ಹೇಳೇವೇನು? 'ಹಂಗ ಇರ್ತದ, ಬರ್ಕೋ' ಅಂತೀವಿ.

ಒತ್ತಿನ್ಯಾಗೂ ಎರಡು ಜಾತಿ. ಕ, ಗ, ಚ, ಟ, ಬ ಇವುಗಳ ಒತ್ತು ತಾಯಿ ಅಕ್ಷರದ ಮಾರಿನ ಹೊತ್ತಿರ್ತಾವ, ತಾಯಿಗೆ ತಲಿಕಟ್ಟು ಇದ್ರ ಒತ್ತಿಗೆ ಅದು ಇರೂದಿಲ್ಲ ಅಷ್ಟ. ತ, ನ, ಮ, ಯ, ರ, ಲ ಇವುಗಳ ಒತ್ತು ತಾಯಿ ಹಂಗ ಕಾಣೂದ ಇಲ್ಲ. ಎರಡನ್ನೂ ಒಂದ ವಾರದಾಗ ಕಲಿಸಿದ್ರ ಇಂಥ ಮಕ್ಕಳು ಬೆದರ್ತಾವ. ಅದಕ್ಕ ಮೊದ್ಲ ಮಗ್ಗ, ಹಗ್ಗ, ಅಕ್ಕ, ಡಬ್ಬಿ. ಹದಿನೈದು ದಿನ ಇಷ್ಟ. ನೇಕಾರ ಮನಿ ಹುಡುಗ, 'ಮಗ್ಗ'ದಿಂದ ಶುರು ಮಾಡು. ಅದು ಗಟ್ಟಿ ಆದ ಮ್ಯಾಲ ಹಲ್ಲು, ಅನ್ನ, ಕತ್ತಿ. ಅರ್ಕಾವತ್ತು ಎಲ್ಲಾದ್ರಕಿಂತ ಕಡೀಕ.

ಪೆನ್ಸಿಲ್ಲು ಈಗ ಬ್ಯಾಡ. ರೊಟ್ಟಿ ಮಾಡೂ ಮುಂದ ಪರಾತದಾಗ ಜೋಳದ ಹಿಟ್ಟು ಹರವಿ ಬೆರಳಲೆ ತಿದ್ದಸು. ಗ ಬರೀತಾ ಗ ಅನ್ನಬೇಕು, ಕೆಳಗ ಒತ್ತು ಬರೀತಾ ಮತ್ತ ಗ ಅನ್ನಬೇಕು. ತಪ್ಪಿದ್ರ ಅಳಸಾಕ ರಬ್ಬರ್ ಬ್ಯಾಡ, ಅಂಗೈಲೆ ಸವರಿದ್ರ ಆತು. ತಪ್ಪಿನ ಗುರುತು ಉಳಿಯೂದಿಲ್ಲ, ಅದ ಮುಖ್ಯ. ಕೆಂಪು ಮಸಿ ಗೀಟು ನೋಡಿ ನೋಡಿ ಈ ಮಕ್ಕಳು ಪುಸ್ತಕ ಕಂಡ್ರ ಹೊಟ್ಟಿ ನೋವು ಅಂತಾವ. ದಿನಕ್ಕ ಹದಿನೈದು ನಿಮಿಷ, ಜಾಸ್ತಿ ಬ್ಯಾಡ.

ಓದೂ ಮುಂದ ಒಂದು ರಟ್ಟಿಗೆ ಸಣ್ಣ ಕಿಂಡಿ ಕೊರದು ಸಾಲಿನ ಮ್ಯಾಲ ಇಡು. ಒಂದ ಶಬ್ದ ಕಾಣಬೇಕು, ಉಳಿದದ್ದು ಮುಚ್ಚಿರಬೇಕು.

ಇಂಡಿ ಮಾಸ್ತರ
ಅಕ್ಕೋರ, ಒತ್ತಿನ ಎರಡು ಜಾತಿ ಮಾತು ನಾ ಇಷ್ಟ ವರ್ಷ ಕಲಿಸಿದ್ರೂ ಹಿಂಗ ಯೋಚನಿ ಮಾಡಿರಲಿಲ್ಲ. ನಾಳೆ ಸಾಲ್ಯಾಗ ಮಾಡಿ ನೋಡ್ತೇನಿ. ಕಿಂಡಿ ರಟ್ಟು ಎಲ್ಲಾರಿಗೂ ಕೊಡಬಹುದು, ಒಬ್ಬಂಗ ಕೊಟ್ರ ಉಳದ ಹುಡುಗೂರು ಅವನ್ನ ಕಾಡ್ತಾವ.

ಚಿಕ್ಕೋಡಿ ಅಪ್ಪ
ಎಲ್ಲಾರನ್ನೂ ಒಂದ ಸಾಲ್ಯಾಗ ಕುಂಡ್ರಸೂದು ಅಂತ ಮಾತಾಡಾಕತ್ತೀರಿ. ನನ್ನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಂಗಿಲ್ಲ. ಮೂರು ವರ್ಷ ಊರ ಸಾಲಿಗೆ ಕಳಿಸಿದೆ. ಯಾರಿಗೂ ಸನ್ನೆ ಭಾಷೆ ಬರತಿರಲಿಲ್ಲ. ನಲವತ್ತು ಹುಡುಗೂರ ನಡುವ ನನ್ನ ಕೂಸು ಒಬ್ಬಾಕಿನ ಕುಂತಿರತಿತ್ತು, ಬೋರ್ಡಿನ ಮ್ಯಾಲಿಂದು ನಕಲು ಮಾಡತಿತ್ತು, ಅರ್ಥ ಶೂನ್ಯ. ಆಮ್ಯಾಲ ಕಿವುಡ ಮಕ್ಕಳ ವಸತಿ ಸಾಲಿಗೆ ಹಾಕಿದೆ. ಮೊದಲನೇ ರಜಾಕ್ಕ ಮನಿಗೆ ಬಂದಾಗ ಕೈಲೆ ಅವರವ್ವಗ ಒಂದು ಕಥಿ ಹೇಳಿದ್ಲು. ಅಲ್ಲೀತನ ಅಕಿ ನಮಗ ಹಸಿವು, ನೀರು, ನಿದ್ದಿ ಬಿಟ್ಟು ಏನೂ ಹೇಳಿರಲಿಲ್ಲ. ವಿಶೇಷ ಶಾಲೆ ಬ್ಯಾಡ ಅನ್ನೂ ಮಂದಿ ಜರಾ ವಿಚಾರ ಮಾಡ್ರಿ.

ಸಂಪನ್ಮೂಲ ಅಕ್ಕ
ಅಣ್ಣಾರ, ನಿಮ್ಮ ಮಾತಿಗೆ ನನ್ನ ಹತ್ತಿರ ಎದುರು ಮಾತಿಲ್ಲ. ಸನ್ನೆ ಬಲ್ಲವರು ಇಲ್ಲದ ತರಗತಿಯಲ್ಲಿ ಕಿವುಡ ಮಗುವನ್ನ ಕೂರಿಸಿ ಸಮನ್ವಯ ಅನ್ನೋದು ತಪ್ಪು. ಆದರೆ ಕಲಿಕಾ ನ್ಯೂನತೆಯ ಮಗುವಿಗೆ ಊರ ಶಾಲೆ ಬಿಡಿಸುವ ಅಗತ್ಯ ಇಲ್ಲ, ಕಲಿಸುವ ರೀತಿ ಬದಲಾದರೆ ಸಾಕು.

ಕೆರಿ ದಂಡಿ
ಗದಗಿನ ವೀರೇಶ್ವರ ಪುಣ್ಯಾಶ್ರಮ ನೋಡ್ರಿ. ಪುಟ್ಟರಾಜ ಗವಾಯಿಗಳಿಗೆ ಕಣ್ಣು ಕಾಣತಿರಲಿಲ್ಲ. ಹಾರ್ಮೋನಿಯಂ, ಸಾರಂಗಿ, ತಬಲಾ ಎಲ್ಲಾ ಬರತಿತ್ತು, ಪುರಾಣ ಬರದ್ರು, 2010ರಾಗ ಪದ್ಮಭೂಷಣ ಬಂತು. ಸಂಗೀತ ಕಲಿಸಿದ್ರ ಹುಡುಗ ಉದ್ಧಾರ ಆಗ್ತಾನ.

ಚಿಕ್ಕೋಡಿ ಅಪ್ಪ
ಗವಾಯಿಗಳು ದೊಡ್ಡವ್ರು, ಕೈ ಮುಗೀತೇನಿ. ಆದ್ರ ಪ್ರತಿಯೊಂದು ಕೂಸೂ ಗವಾಯಿ ಆಗಬೇಕಂತಿಲ್ಲ. ಬಸ್ಸಿನ ಬೋರ್ಡು ಓದಿದ್ರ ಸಾಕು.

ಸ್ಟೇಶನ್ ರೋಡ್ ಅವ್ವ
ನಾನೂ ಹೇಳ್ಲಾ? ವಿಜಯಪುರದಾಕಿ. ನನ್ನ ಮಗ ಆಟಿಸಂ, ಐದು ವರ್ಷ. ಎರಡು ವರ್ಷದವ ಇದ್ದಾಗ ಹೆಸರು ಹಿಡದು ಕರದ್ರ ತಿರುಗಿ ನೋಡ್ತಿರಲಿಲ್ಲ, ಆದ್ರ ಪಕ್ಕದ ಖೋಲಿಯಾಗ ಬಿಸ್ಕೀಟ ಪಾಕೀಟ ಹರದ್ರ ಓಡಿ ಬರತಿದ್ದ. ಕಿವಿ ಚಲೋ ಅದಾವ ಅಂತ ಅದಕ್ಕ ಗೊತ್ತಾತು. 'ಗಂಡುಹುಡುಗೂರು ತಡ ಮಾತಾಡ್ತಾವ' ಅಂತ ಅತ್ತಿ ಹೇಳಿದ್ರು, ನಾನೂ ಒಂದು ವರ್ಷ ಕಾಯ್ದೆ. ಆ ವರ್ಷ ಈಗ ನೆನಸಿದ್ರ ಸಂಕಟ ಆಗ್ತದ.

ಒಂದು ಕಡೆ ಆರು ತಿಂಗಳದಾಗ ಪೂರಾ ಗುಣ ಮಾಡ್ತೀವಿ ಅಂತ ರೊಕ್ಕ ಕಟ್ಟಿಸ್ಕೊಂಡ್ರು. ಬಂಗಾರ ಅಡವಿಟ್ಟಿದ್ವಿ. ಬರೇ ಟಿವಿ ಮುಂದ ಕುಂಡ್ರಸ್ತಿದ್ರು. ಗುಣ ಮಾಡ್ತೀವಿ ಅನ್ನವ್ರ ಹಂತ್ಯಾಕ ಹೋಗಬ್ಯಾಡ್ರಿ, ಇದು ಜ್ವರ ಅಲ್ಲ. ಜಿಲ್ಲಾ ಆಸ್ಪತ್ರಿಯೊಳಗ ಶೀಘ್ರ ಪತ್ತೆ ಕೇಂದ್ರ ಅಂತ ಇರ್ತದ, ಹುಟ್ಟಿದ ಕೂಸಿನಿಂದ 18 ವರ್ಷದ ತನಕ ಪುಕ್ಕಟ ನೋಡ್ತಾರ. ಮೊದ್ಲ ಅಲ್ಲಿಗೆ ಹೋಗ್ರಿ. ನಾ ಕಡೀಕ ಹೋದೆ.

ಈಗ ಅವಂಗ ಬೇಕಾದ್ದನ್ನ ಚಿತ್ರ ತೋರಿಸಿ ಕೇಳೂದು ಕಲ್ಸಾಕತ್ತೀವಿ. ಮೊನ್ನೆ ನೀರಿನ ಚಿತ್ರ ತಂದು ನನ್ನ ಕೈಯಾಗ ಇಟ್ಟ.

ಮುಧೋಳ ಟ್ರ್ಯಾಕ್ಟರ್
ಭಾಳ ಚಲೋ ಆತ್ರಿ ತಂಗಿ.

ಬಾದಾಮಿ ತಾಯಿ
ನನ್ನ ಮಗಳದೂ ಇಳಕಲ್ಲಿನ ಅಕ್ಕಾರ ಮಗನ ಹಂಗ, ಆರನೇತ್ತ. ಸರ್ಟಿಫಿಕೇಟ್ ಮಾಡಸ್ರಿ ಅಂದ್ರ ನಮ್ಮ ಮನ್ಯಾಗ ಒಪ್ಪವಲ್ರು. ಹೆಣ್ಣುಹುಡುಗಿ, ನಾಳೆ ಲಗ್ನದ ಮಾತು ಬಂದಾಗ 'ಅಂಗವಿಕಲ ಕಾರ್ಡ್ ಐತಿ' ಅಂದ್ರ ಯಾರು ಮಾಡ್ಕೋತಾರ ಅಂತಾರ. ಅವರದೂ ತಪ್ಪಂತ ಹೆಂಗ ಅನ್ಲಿ?

ಜಮಖಂಡಿ ಮಾವ
ಖರೆ ಐತಿ. ಒಮ್ಮೆ ಮುದ್ರಿ ಬಿತ್ತಂದ್ರ ಹೋಗೂದಿಲ್ಲ.

ಸ್ಟೇಶನ್ ರೋಡ್ ಅವ್ವ
ಮುದ್ರಿ ಈಗ ಬಿದ್ದಿಲ್ಲೇನ್ರಿ ಮಾವಾರ? ದಡ್ಡಿ ಅಂತ ದಿನಾ ಇಡೀ ಸಾಲಿ ಕರೀತದ. ಆ ಮುದ್ರಿಗೆ ಯಾವ ಸವಲತ್ತೂ ಇಲ್ಲ.

ಸಂಪನ್ಮೂಲ ಅಕ್ಕ
ಬಾದಾಮಿ ಅಕ್ಕಾರ, ಕಾರ್ಡ್ ನಿಮ್ಮ ಮನೆಯ ಕಪಾಟಿನಲ್ಲಿ ಇರುತ್ತೆ, ಬಾಗಿಲಿಗೆ ಅಂಟಿಸೋದಲ್ಲ. ಪ್ರಮಾಣಪತ್ರ ಇದ್ದರೆ ಬೋರ್ಡ್ ಪರೀಕ್ಷೆಗೆ ಹೆಚ್ಚಿನ ಸಮಯ ಕೇಳಬಹುದು. ಕೇಂದ್ರದ ಮಾರ್ಗಸೂಚಿ ಪ್ರಕಾರ ಗಂಟೆಗೆ 20 ನಿಮಿಷ, ಮೂರು ತಾಸಿನ ಪರೀಕ್ಷೆಗೆ ಒಂದು ತಾಸು ಜಾಸ್ತಿ. ಬೇಕಾದರೆ ಬರೆದುಕೊಡೋರು ಸಿಗ್ತಾರೆ. ಉತ್ತರ ಗೊತ್ತಿದ್ದೂ ಬರೆಯೋಕೆ ಆಗದೆ ಫೇಲಾದ ಮಕ್ಕಳನ್ನ ನಾನು ನೋಡಿದ್ದೀನಿ. ಹತ್ತನೇ ತರಗತಿಗೆ ಬಂದ ಮೇಲೆ ಓಡಾಡಿದರೆ ಪರೀಕ್ಷೆ ಹೊತ್ತಿಗೆ ಕಾಗದ ಕೈಗೆ ಬರಲ್ಲ. ಆರನೇ ತರಗತಿ ಸರಿಯಾದ ಸಮಯ.

ಒಂದು ಮಾತ್ರ ನೆನಪಿಡಿ, ಕಾರ್ಡ್ ಬಂತು ಅಂತ ಓದೋಕೆ ಬರಲ್ಲ. ಕಲಿಸೋದು ಕಾರ್ಡಿಗೆ ಕಾಯಬಾರದು. ಎಷ್ಟೋ ಮನೆಗಳಲ್ಲಿ ಕಾಗದ ಆಯ್ತು, ಪಾಠ ಆಗಲಿಲ್ಲ.

ಬಾದಾಮಿ ತಾಯಿ
ಅವರಪ್ಪಗ ಈ ಚರ್ಚಾ ಓದಿ ತೋರಿಸ್ತೇನ್ರಿ.

ಗುಮ್ಮಟದ ಊರು
ಇಳಕಲ್ಲಿನ ಅಕ್ಕಾರ ಎಲ್ಲಿ ಹೋದ್ರಿ? ಮಗನ್ನ ಮಗ್ಗಕ್ಕ ಹಚ್ಚಿಲ್ಲಲ್ಲ?

ಇಳಕಲ್ಲಿನ ಅವ್ವ (18 ದಿನ ಆದ ಮ್ಯಾಲ)
ತಡ ಆತು, ಕ್ಷಮಾ ಮಾಡ್ರಿ. ಇಲ್ರಿ ಅಣ್ಣಾರ, ಹಚ್ಚಿಲ್ಲ. ನಮ್ಮ ಮಾವಾರಿಗೆ ಮುಧೋಳದ ಅಣ್ಣನ ಬಸ್ಸಿನ ಮಾತು ಓದಿ ಹೇಳಿದೆ. ಸುಮ್ಮ ಕುಂತ ಕೇಳಿದ್ರು. ಆಮ್ಯಾಲ 'ಕೊಂಡಿ ಕೂಡಸೂದು ರಜಾದಾಗ ಕಲೀಲಿ, ಸಾಲಿ ಬಿಡಸೂದು ಬ್ಯಾಡ' ಅಂದ್ರು.

ಅರ್ಜಿ ಕೊಟ್ಟೆ, ಪ್ರತಿ ಮ್ಯಾಲ ಸಹಿ ಹಾಕಾಕ ಮೊದ್ಲ ಒಲ್ಲೆ ಅಂದ್ರು, ನಾ ಅಲ್ಲೇ ಕುಂತೆ, ಹಾಕಿದ್ರು. ಕಿವಿ ಪರೀಕ್ಷೆ ಆತು, ಚಲೋ ಐತಿ. ಮನಸ್ಸಿನ ಡಾಕ್ಟ್ರು ಬುದ್ಧಿಮಟ್ಟ ನೋಡಿ 'ಏನೂ ಕಮ್ಮಿ ಇಲ್ಲವ್ವ' ಅಂದ್ರು. ಅವತ್ತು ಬಸ್‌ಸ್ಟ್ಯಾಂಡಿನ್ಯಾಗ ಕುಂತು ಅತ್ತೆ. ಓದೂ ಪರೀಕ್ಷೆಕ್ಕ ಮುಂದಿನ ತಿಂಗಳ ತಾರೀಖ ಕೊಟ್ಟಾರ.

ಗುರುಮಾತಾರ, ನೀವು ಹೇಳಿದಂಗ ಪರಾತದಾಗ ಹಿಟ್ಟು ಹರವಿ ದಿನಾ ಮಾಡಾಕತ್ತೇವಿ. ಮೊದಲ ನಾಕು ದಿನ ಬೆರಳು ನಡಗತಿತ್ತು, ತಪ್ಪಿದ ಕೂಡಲೆ ನನ್ನ ಮಾರಿ ನೋಡತಿದ್ದ. ನಾ ರೊಟ್ಟಿ ಬಡಿಯೂದು ಬಿಡಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಅಂಗೈಲೆ ತಾನ ಸವರಿ ಮತ್ತ ಬರದ. ಮೊನ್ನೆ ಮಂಗಳವಾರ ಕಿಂಡಿ ರಟ್ಟು ಇಟ್ಟು 'ಮಗ್ಗ' ಓದಿದ. ನಿಧಾನ ಓದಿದ, ಮ ಅಂದಾಗ ಬೆರಳು ಮ ಮ್ಯಾಲ ಇತ್ತು, ಗ್ಗ ಅಂದಾಗ ಬೆರಳು ಕೆಳಗಿನ ಒತ್ತಿಗೆ ಬಂತು. ಬಾಯಿ, ಬೆರಳು ಒಂದ ಕಡೆ ಇದ್ವು.

'ಸೂರ್ಯ' ಇನ್ನೂ ಬರಂಗಿಲ್ಲ. ನಾ ಕೇಳೂನೂ ಇಲ್ಲ ಈಗ.

ಬೈಲಹೊಂಗಲ ಗುರುಮಾತೆ
ಕೇಳಬ್ಯಾಡ. ದೀಪಾವಳಿ ತನಕ ಸೂರ್ಯಗ ರಜಾ ಕೊಡು. ಹೊಸ ಶಬ್ದಕ್ಕ ಹೋಗೂ ಮೊದ್ಲ ಹಳೇ ಐದು ಶಬ್ದ ದಿನಾ ತಿರುಗಿ ಬರೀಬೇಕು, ಮರೀಬ್ಯಾಡ.

ಇಂಡಿ ಮಾಸ್ತರ
ನಮ್ಮ ಸಾಲ್ಯಾಗ ಕಿಂಡಿ ರಟ್ಟು 31 ಮಾಡೇವಿ. ಮದವಿ ಕಾರ್ಡಿನ ಹಳೇ ರಟ್ಟು ಛಲೋ ಆಗ್ತಾವ.

ಮುಧೋಳ ಟ್ರ್ಯಾಕ್ಟರ್
ಗುರುಮಾತಾರ, ಒಂದು ಕೇಳ್ಲಿ? ಆ ಹಿಟ್ಟಿನ ಪಾಠ ನನ್ನಂಥ ದೊಡ್ಡವ್ರಿಗೂ ಆಗ್ತದೇನ್ರಿ? ನನಗೀಗ ನಲವತ್ತರ ಹತ್ರ. ಮಗಳು ಕಲಿಸ್ತೀನಿ ಅಂತಾಳ.

ಬೈಲಹೊಂಗಲ ಗುರುಮಾತೆ
ಆಗ್ತದ ತಮ್ಮಾ, ಯಾಕ ಆಗೂದಿಲ್ಲ. ನಿನಗ ಊರ ಹೆಸರು ಬೇಕು, ಅಲ್ಲಿಂದ ಶುರು ಮಾಡೂಣು. ಮಗಳಿಗೆ ಹೇಳು, ಪರಾತದಾಗ 'ಬೆಳಗಾವಿ' ಬರೀಲಿ, ಕೆಳಗ 'ಬಾಗಲಕೋಟಿ' ಬರೀಲಿ. ಎರಡರಾಗೂ ಒಂದೂ ಒತ್ತಿಲ್ಲ. ಬ ಮ್ಯಾಲ ಏನು ಬ್ಯಾರೆ ಐತಿ ಅಂತ ಬೆರಳಲೆ ಮುಟ್ಟಿ ನೋಡು.

ಮುಧೋಳ ಟ್ರ್ಯಾಕ್ಟರ್
ಇವತ್ತ ರಾತ್ರಿ ಲೋಡು ಐತ್ರಿ. ನಾಳೆ ಮುಂಜಾನೆ ಮನಿಗೆ ಬಂದ ಕೂಡಲೆ ಕುಂಡ್ರತೇನಿ.